ಫ್ಲೈ ಕಟ್ಟಲು ಕಡಿಮೆ ಬೆಲೆಯ ರೋಟರಿ ವೈಸ್: ಮಲೆನಾಡಿನ ಗಾಳಗಾರರು ಯಾವುದನ್ನು ಕೊಳ್ಳಬೇಕು?

ಫ್ಲೈ ಎಂದರೆ ಗಾಳಕ್ಕೆ ಗರಿ, ಕೂದಲು, ಫೋಮನ್ನು ದಾರದಲ್ಲಿ ಕಟ್ಟಿ ಮಾಡುವ ಕೃತಕ ಎರೆ. ಕಟ್ಟುವಾಗ ಗಾಳವನ್ನು ಹಿಡಿದುಕೊಂಡು ತಿರುಗಿಸುವ ಸಾಧನ ರೋಟರಿ ವೈಸ್. ಅದಕ್ಕೆ ಕೊಡುವ ದುಡ್ಡಿನಲ್ಲಿ ಎರಡು ಸಾಮಾನುಗಳ ಬೆಲೆ ಸೇರಿದೆ. ಒಂದು ಗಾಳವನ್ನು ಕಚ್ಚಿ ಹಿಡಿಯುವ ದವಡೆ, ಇನ್ನೊಂದು ಆ ದವಡೆಯನ್ನು ತಿರುಗಿಸುವ ತಲೆ. ಬೆಲೆ ಇಳಿಸಬೇಕಾದಾಗ ತಯಾರಕರು ಮೊದಲು ಕೈ ಹಾಕುವುದು ದವಡೆಗೆ. ಅದರ ಉಕ್ಕು ಹದವಾಗಿದೆಯೋ ಇಲ್ಲವೋ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಹೊಳೆಯುವ ಹ್ಯಾಂಡಲ್ ಮಾತ್ರ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಕೈಯಲ್ಲಿ ಕಡಿಮೆ ದುಡ್ಡು ಇದ್ದಾಗ ಮೊದಲು ಹಿಡಿತ ನೋಡಿ, ತಿರುಗುವುದನ್ನು ಆಮೇಲೆ ನೋಡಿ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಿಸಿಕೊಳ್ಳಬೇಕು, ಅದು ತುಕ್ಕು.

ನಮ್ಮ ನೀರಿಗೆ ಯಾವ ಗಾಳ

ಗಾಳದ ಅಳತೆ ಗೊತ್ತಿಲ್ಲದೆ ವೈಸ್ ಆರಿಸಲು ಬರುವುದಿಲ್ಲ. ಸಂಖ್ಯೆ ಹೆಚ್ಚಾದಷ್ಟೂ ಗಾಳ ಚಿಕ್ಕದು. 14 ಚಿಕ್ಕದು, 6 ಅದಕ್ಕಿಂತ ದೊಡ್ಡದು, 2 ಇನ್ನೂ ದೊಡ್ಡದು. 1/0 ಬಂದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ, 2/0 ಅದಕ್ಕಿಂತ ದೊಡ್ಡದು.

ಹೊಳೆಯ ಗೆಂಡೆಗೆ, ಕೆರೆಯ ಜಿಲೇಬಿ ಮೀನಿಗೆ 10ರಿಂದ 14ರವರೆಗಿನ ಗಾಳ ಸಾಕು. ಕೊರವ ಮೀನಿಗೆ ಫೋಮಿನ ಕಪ್ಪೆ ಕಟ್ಟುವವರು 2ರಿಂದ 2/0ರವರೆಗೆ ಬಳಸುತ್ತಾರೆ. ಮಹಶೀರಿಗೆ ಕಟ್ಟುವ ಉದ್ದ ಬಾಲದ ಸ್ಟ್ರೀಮರುಗಳೂ (ಚಿಕ್ಕ ಮೀನಿನಂತೆ ಕಾಣುವ ಫ್ಲೈಗಳು) ಹೆಚ್ಚುಕಡಿಮೆ ಅದೇ ಅಳತೆಯವು. 14ರ ಗಾಳದ ತಂತಿ ಅರ್ಧ ಮಿಲಿಮೀಟರಿಗೂ ತೆಳು, 2/0 ಗಾಳದ್ದು ಒಂದು ಮಿಲಿಮೀಟರಿಗೂ ದಪ್ಪ. ಒಂದೇ ದವಡೆ ಈ ಎರಡನ್ನೂ ಜಾರದಂತೆ ಹಿಡಿಯಬೇಕು. ಟ್ರೌಟ್ ಮೀನಿರುವ ತಣ್ಣನೆಯ ದೇಶಗಳ ಸಲಹೆಗಳನ್ನು ಹಾಗೆಯೇ ಒಪ್ಪಿಕೊಂಡರೆ ಮೋಸ ಹೋಗುವುದು ಇಲ್ಲೇ. ಅಲ್ಲಿನವರು 18, 20, 22ರ ಸೂಕ್ಷ್ಮ ಗಾಳ ಹಿಡಿಯುವ ಚೂಪು ಮೂತಿಯ ದವಡೆಯನ್ನು ಹೊಗಳುತ್ತಾರೆ. ನಮಗೆ ಬೇಕಾದದ್ದು ದಪ್ಪ ಗಾಳವನ್ನು ಬಿಡದೆ ಹಿಡಿಯುವ ಮೊಂಡು ಮೂತಿ. ಮೂತಿ ತೀರ ಚೂಪಾದಷ್ಟೂ ದೊಡ್ಡ ಗಾಳದ ಒತ್ತಡಕ್ಕೆ ಅದರ ತುದಿ ಚಕ್ಕೆ ಏಳುವ ಸಂಭವ ಹೆಚ್ಚು.

ಇಲ್ಲೇ ಒಂದು ಎಚ್ಚರಿಕೆ. ಮಹಶೀರನ್ನು ಹಿಡಿದು ಮತ್ತೆ ನೀರಿಗೇ ಬಿಡಬೇಕು, ಅದಕ್ಕೆ ಗಾಳದ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿರಬೇಕು. ಆ ಕೆಲಸವನ್ನು ಹಲವರು ವೈಸಿನ ದವಡೆಯಲ್ಲೇ ಮಾಡುತ್ತಾರೆ. ದವಡೆಯ ತುದಿ ಹಾಳಾಗಲು ಇದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ. ಚಪ್ಪಟೆ ಮೂತಿಯ ಸಣ್ಣ ಇಕ್ಕಳ ಇಟ್ಟುಕೊಳ್ಳಿ. ಶೃಂಗೇರಿಯ ದೇವಸ್ಥಾನದ ಕೆಳಗಿನ ಮಡುವಾಗಲಿ, ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯ ಮತ್ಸ್ಯಧಾಮವಾಗಲಿ ಗಾಳ ಹಾಕುವ ಜಾಗವಲ್ಲ. ಭದ್ರಾ, ಶರಾವತಿ ಕಡೆಯ ಅಭಯಾರಣ್ಯಗಳ ಒಳಗಿನ ನೀರಿಗೂ ಇದೇ ಮಾತು.

ತಿರುಗುವುದರಲ್ಲಿ ಎರಡು ಬಗೆ

ಜಾಹೀರಾತಿನಲ್ಲಿ ಎಲ್ಲವೂ "ರೋಟರಿ"ಯೇ. ನಿಜದಲ್ಲಿ ಎರಡು ಬಗೆ ಇವೆ.

ಮೊದಲನೆಯದರಲ್ಲಿ ದವಡೆ ತನ್ನ ಅಕ್ಷದ ಮೇಲೆ ಸುತ್ತುತ್ತದೆ, ಗಾಳದ ಕಡ್ಡಿ (ಬಾಗಿಗೂ, ದಾರ ಕಟ್ಟುವ ತೂತಾದ ಕಣ್ಣಿಗೂ ನಡುವಿನ ನೇರ ಭಾಗ) ಮಾತ್ರ ಆ ಅಕ್ಷದ ಮೇಲೆ ಇರುವುದಿಲ್ಲ. ತಿರುಗಿಸಿದರೆ ಗಾಳದ ಕಣ್ಣು ಗಾಳಿಯಲ್ಲಿ ಒಂದು ಸುತ್ತು ಹಾಕುತ್ತದೆ. ಫ್ಲೈಯ ಆಚೆ ಬದಿ ನೋಡಲು, ತಲೆಕೆಳಗು ಮಾಡಿ ಕೆಳಭಾಗದಲ್ಲಿ ಕಟ್ಟಲು ಇಷ್ಟು ಸಾಕು. ಎರಡನೆಯದರಲ್ಲಿ ದವಡೆಯನ್ನು ಬಾಗಿದ ತೋಳಿಗೆ ಕೂರಿಸಿ, ಗಾಳದ ಕಡ್ಡಿ ಸರಿಯಾಗಿ ತಿರುಗುವ ಅಕ್ಷದ ಮೇಲೇ ಬರುವಂತೆ ಮಾಡಿರುತ್ತಾರೆ. ತಿರುಗಿಸಿದರೆ ಕಡ್ಡಿ ಜಾಗ ಬಿಟ್ಟು ಕದಲದೆ, ಲೇತಿಗೆ ಕಟ್ಟಿದ ಸರಳಿನಂತೆ ಇದ್ದಲ್ಲೇ ಸುತ್ತುತ್ತದೆ. ಪೂರ್ಣ ರೋಟರಿ ಎನ್ನುವುದು ಇದನ್ನೇ.

ಪೂರ್ಣ ರೋಟರಿಯಲ್ಲಿ ಸುತ್ತುವ ಕ್ರಮ ಹೀಗೆ. ಬಲಗೈಯವರಿಗೆ ಗಾಳದ ಕಣ್ಣು ಬಲಕ್ಕೆ, ತಿರುಗಿಸುವ ಹಿಡಿ ಎಡಕ್ಕೆ ಇರುತ್ತದೆ. ದಾರವನ್ನು ಕಣ್ಣಿನ ಹತ್ತಿರಕ್ಕೆ ತಂದು ಒಂದು ಅರೆಗಂಟು ಹಾಕಿ, ಬಾಬಿನನ್ನು (ದಾರದ ಉರುಳೆ ಹಿಡಿಯುವ ಸಾಧನ) ಮುಂದಿನ ಆನಿಕೆಕಡ್ಡಿಯ ಮೇಲೆ ಇಡಿ. ಆನಿಕೆಕಡ್ಡಿ ಗಾಳದ ಕಡ್ಡಿಯ ನೇರಕ್ಕೇ ಇರಬೇಕು. ಕೆಳಗಿದ್ದರೆ ತಿರುಗಿಸಿದಂತೆ ದಾರವೂ ಗಾಳಕ್ಕೆ ಸುತ್ತಿಕೊಳ್ಳುತ್ತದೆ. ಬಲಗೈಯಲ್ಲಿ ಗರಿಯನ್ನೋ ಜರಿಯನ್ನೋ ಬಿಗಿಯಾಗಿ ಹಿಡಿದು ಎಡಗೈಯಿಂದ ತಿರುಗಿಸಿ, ಗಾಳದ ಮೇಲ್ಭಾಗ ನಿಮ್ಮ ಕಡೆಗೆ ಬರುವಂತೆ. ಹೀಗೆ ಮಾಡಿದರೆ ಸುತ್ತುಗಳು ಕೈಯಲ್ಲಿ ಸುತ್ತುವ ದಾರದ ದಿಕ್ಕಿಗೇ ಬೀಳುತ್ತವೆ. ಉಲ್ಟಾ ತಿರುಗಿಸಿದರೆ ಎದುರು ದಿಕ್ಕಿಗೆ ಬೀಳುತ್ತವೆ. ಗರಿಯ ಮೇಲೆ ತಂತಿ ಅಡ್ಡ ಹಾಯಿಸಿ ಭದ್ರ ಮಾಡಲು ಈ ಉಲ್ಟಾ ಸುತ್ತೇ ಬೇಕು.

ಇದು ಎಷ್ಟು ಜನರಿಗೆ ನಿಜವಾಗಿ ಉಪಯೋಗ? ವೂಲಿ ಬಗ್ಗರ್ ತರಹದ, ಮೈತುಂಬ ಗರಿ ಸುತ್ತುವ ಫ್ಲೈಗಳನ್ನು ಡಜನ್‌ಗಟ್ಟಲೆ ಕಟ್ಟುವವರಿಗೆ ತುಂಬಾ ಉಪಯೋಗ. ಸುತ್ತುಗಳ ನಡುವಿನ ಅಂತರ ಒಂದೇ ಸಮ ಬರುತ್ತದೆ, ನಾಟಿ ಹುಂಜದ ಕತ್ತಿನ ಗರಿ ತಿರುಚಿಕೊಳ್ಳುವುದಿಲ್ಲ. ಕೊರವನ ಕಪ್ಪೆ, ಮಹಶೀರಿನ ಸ್ಟ್ರೀಮರ್ ಕಟ್ಟುವವರಿಗೆ ಅಷ್ಟಿಲ್ಲ. ಕ್ಲೌಸರ್ ಮಿನ್ನೊ ಎಂಬ ಸ್ಟ್ರೀಮರನ್ನು ತೆಗೆದುಕೊಳ್ಳಿ. ಸೀಸದ ಜೋಡಿಕಣ್ಣನ್ನು ಕಡ್ಡಿಯ ಮೇಲೆ ಕಟ್ಟುತ್ತೀರಿ, ಗಾಳವನ್ನು ತಲೆಕೆಳಗು ಮಾಡಿ ಆ ಬದಿಗೆ ಕೂದಲು ಕಟ್ಟುತ್ತೀರಿ. ಅಲ್ಲಿ ಬೇಕಾದದ್ದು ಅರ್ಧ ಸುತ್ತು, ಮತ್ತು ಆ ಜಾಗದಲ್ಲಿ ಅಲ್ಲಾಡದೆ ನಿಲ್ಲುವ ಲಾಕು. ಮೊದಲ ಬಗೆಯ ವೈಸೂ ಇದನ್ನು ಮಾಡುತ್ತದೆ. ಅರಲ್ಡೈಟಿನಂಥ ಎಪಾಕ್ಸಿಯಲ್ಲಿ ಫ್ಲೈಯ ತಲೆ ಮಾಡುವವರಿಗೆ ಮಾತ್ರ ಪೂರ್ಣ ರೋಟರಿ ಬೇರೆ ರೀತಿಯಲ್ಲಿ ಒದಗುತ್ತದೆ. ಗಟ್ಟಿಯಾಗುವವರೆಗೆ ಮೆಲ್ಲಗೆ ತಿರುಗಿಸುತ್ತಿದ್ದರೆ ಅಂಟು ಒಂದೇ ಕಡೆ ಇಳಿದು ಗಡ್ಡ ಕಟ್ಟುವುದಿಲ್ಲ.

ಗರಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಹಳೆಯ ಇಂಗ್ಲಿಷ್ ಸಾಲ್ಮನ್ ಫ್ಲೈಗಳಲ್ಲಿ ಹೊಳೆಯುವ ಮಚ್ಚೆಗಳ "ಜಂಗಲ್ ಕಾಕ್" ಗರಿ ನಮ್ಮ ತೋಟದಂಚಿನ ಬೂದು ಕಾಡುಕೋಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿದೆ. ಜಿಂಕೆ, ಕಡವೆಯ ಕೂದಲೂ ಹಾಗೆಯೇ. ಪುಸ್ತಕದಲ್ಲಿ ಬರೆದಿದೆ ಎಂದು ಹುಡುಕಿಕೊಂಡು ಹೋಗಬೇಡಿ, ಮೇಕೆಯ ಕೂದಲು, ನಾಟಿ ಕೋಳಿಯ ಗರಿ, ಫೋಮ್ ಇದ್ದರೆ ನಮ್ಮ ಮೀನುಗಳಿಗೆ ಧಾರಾಳವಾಯಿತು.

ದವಡೆ: ಇಲ್ಲಿ ಜಿಪುಣತನ ಬೇಡ

ಕಡಿಮೆ ಬೆಲೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ವಿಧದ ದವಡೆ.

ಕೊಳವೆ ದವಡೆಯಲ್ಲಿ ಸೀಳಿದ ಮೂತಿಯ ಸರಳು ಒಂದು ಕೊಳವೆಯೊಳಗೆ ಇರುತ್ತದೆ, ಹಿಂದಿನ ಲಿವರ್ ಒತ್ತಿದರೆ ಸರಳು ಹಿಂದಕ್ಕೆ ಎಳೆದುಕೊಂಡು ಮೂತಿ ಮುಚ್ಚುತ್ತದೆ. ಅಮೆರಿಕದ ಥಾಂಪ್ಸನ್ ಮಾಡೆಲ್ ಎ ವೈಸಿನ ಮಾದರಿ ಇದು. ಭಾರತದಲ್ಲೇ ತಯಾರಾಗಿ ಜಗತ್ತಿನ ಎಷ್ಟೋ ಆರಂಭಿಕರ ಕಿಟ್ಟುಗಳಲ್ಲಿ ಹೋಗುವ ಅಗ್ಗದ "ಎಎ" ವೈಸ್ ಇದರದೇ ನಕಲು. ಗಾಳದ ದಪ್ಪ ಬದಲಾದಾಗಲೆಲ್ಲ ಹಿಂದಿನ ಗುಂಡಿಯನ್ನು ತಿರುಗಿಸಿ ಸರಿಹೊಂದಿಸಬೇಕು. ಇದನ್ನು ಮರೆತು ದಪ್ಪ ಗಾಳಕ್ಕೆ ಲಿವರನ್ನು ಬಲವಂತವಾಗಿ ಒತ್ತಿದರೆ ಲಿವರಿನ ಪಿನ್ನು ಬಾಗುತ್ತದೆ, ಇಲ್ಲವೇ ಕೊಳವೆಯ ಬಾಯಿ ಅಗಲವಾಗುತ್ತದೆ. ಅಗಲವಾದ ಕೊಳವೆಗೆ ರಿಪೇರಿ ಇಲ್ಲ.

ಜೋಡಿ ದವಡೆಯಲ್ಲಿ ಎರಡು ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ಮುಂದೆ ಅಂತರ ಹೊಂದಿಸುವ ಸ್ಕ್ರೂ, ಹಿಂದೆ ಬಿಗಿಯುವ ಕ್ಯಾಮ್ (ಲಿವರಿನಿಂದ ತಿರುಗಿ ದವಡೆಯನ್ನು ಒತ್ತುವ ತುಂಡು) ಅಥವಾ ತಿರುಪು. ಪೂರ್ಣ ರೋಟರಿ ವೈಸುಗಳಲ್ಲಿ ಹೆಚ್ಚಿನವು ಇವೇ. ಗಾಳ ಹಾಕುವಾಗ ಮೊದಲು ಕ್ಯಾಮ್ ಸಡಿಲಿಸಿ, ಗಾಳವನ್ನು ಬಾಗಿನ ಕೆಳಭಾಗದಲ್ಲಿ ಇಟ್ಟು, ದವಡೆ ತಂತಿಗೆ ತಾಗುವವರೆಗೆ ಮಾತ್ರ ಮುಂದಿನ ಸ್ಕ್ರೂ ತಿರುಗಿಸಿ. ಆಮೇಲೆ ಕ್ಯಾಮ್ ಒತ್ತಿ. ಲಿವರ್ ಅದರ ಹಾದಿಯ ಮುಕ್ಕಾಲು ಪಾಲು ಹೋಗುವಷ್ಟರಲ್ಲಿ ಗಟ್ಟಿ ಹಿಡಿದಿರಬೇಕು. ಸಲೀಸಾಗಿ ಕೊನೆ ಮುಟ್ಟಿದರೆ ಮುಂದಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಅರ್ಧದಲ್ಲೇ ನಿಂತರೆ ಕಾಲು ಸುತ್ತು ಸಡಿಲಿಸಿ. "ಈ ವೈಸ್ ಗಾಳ ಹಿಡಿಯೋದೇ ಇಲ್ಲ" ಎಂಬ ದೂರುಗಳಲ್ಲಿ ಬಹಳಷ್ಟು ಈ ಕಾಲು ಸುತ್ತಿನಲ್ಲಿ ಸರಿಹೋಗುತ್ತವೆ.

ಉಳಿದವು ಉಕ್ಕಿನ ದೋಷ. ದವಡೆ ಮೆದುವಾಗಿದ್ದರೆ ಕೆಲವೇ ವಾರಗಳಲ್ಲಿ ಗಾಳದ ತಂತಿ ಅದರಲ್ಲಿ ಗೆರೆ ಕೊರೆಯುತ್ತದೆ. ಆ ಗೆರೆಯಲ್ಲಿ 2/0 ಕೂರುತ್ತದೆ, 12 ಜಾರುತ್ತದೆ. ಹದ ಮೀರಿ ಗಡಸಾಗಿದ್ದರೆ ತುದಿ ಮುರಿಯುತ್ತದೆ. ಸ್ಟ್ರೀಮರಿನ ಉದ್ದ ಕಡ್ಡಿಯ ಗಾಳ ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ, ಗಿಡ್ಡ ಗಾಳವನ್ನು ಚೆನ್ನಾಗಿ ಹಿಡಿದ ದವಡೆಯೂ ಅಲ್ಲಿ ಸೋಲಬಹುದು. ಕೆಲವು ವೈಸುಗಳಲ್ಲಿ ದವಡೆಯ ಒಳಗೆ, ತುದಿಯಿಂದ ಸ್ವಲ್ಪ ಹಿಂದೆ, ದೊಡ್ಡ ಗಾಳಕ್ಕೆಂದೇ ತೋಡು ಇರುತ್ತದೆ. ಕೊರವನಿಗೆ ಕಟ್ಟುವವರು ಈ ತೋಡು ಇರುವುದನ್ನೇ ಕೇಳಿ ಕೊಳ್ಳಿ.

ಮೂರನೆಯ ವಿಧವೊಂದಿದೆ, ಸ್ಪ್ರಿಂಗಿನ ಬಲದಲ್ಲಿ ಸದಾ ಮುಚ್ಚಿಕೊಂಡಿದ್ದು ಹಿಡಿ ಒತ್ತಿದಾಗ ತೆರೆಯುವ ರೀಗಲ್ ಮಾದರಿ. ಹೊಂದಿಸುವ ಗೋಜೇ ಇಲ್ಲ, ಹಿಡಿತವೂ ಬಲು ಗಟ್ಟಿ. ಬೆಲೆ ಈ ಬರಹದ ಮಿತಿಗೆ ಬರುವುದಿಲ್ಲ.

ಅಂಗಡಿಯಲ್ಲಿರುವ ಆಯ್ಕೆಗಳು

*ಭಾರತದಲ್ಲಿ ತಯಾರಾದ ಎಎ ಮಾದರಿ.* ಎಲ್ಲಕ್ಕಿಂತ ಅಗ್ಗ. ಪೂರ್ಣ ರೋಟರಿ ಅಲ್ಲ. ಹೆಚ್ಚೆಂದರೆ ದವಡೆ ತನ್ನ ಕೊಳವೆಯಲ್ಲಿ ಸುತ್ತಬಹುದು. ಒಂದರಂತೆ ಇನ್ನೊಂದು ಇರುವುದಿಲ್ಲ, ಒಂದು ಚೆನ್ನಾಗಿರುತ್ತದೆ, ಅದೇ ಡಬ್ಬಿಯ ಮತ್ತೊಂದರ ಮೂತಿ ಸೊಟ್ಟಗಿರುತ್ತದೆ. ವರ್ಷಕ್ಕೆ ಐವತ್ತು ಫ್ಲೈ ಕಟ್ಟುವವರಿಗೆ, ಈ ಹವ್ಯಾಸ ತನಗೆ ಹಿಡಿಸುತ್ತದೋ ಇಲ್ಲವೋ ನೋಡಬೇಕೆನ್ನುವವರಿಗೆ ಇದೇ ಸರಿ. ಉಳಿದ ದುಡ್ಡಿಗೆ ಒಳ್ಳೆಯ ಕತ್ತರಿ, ಸೆರಾಮಿಕ್ ಮೂತಿಯ ಬಾಬಿನ್ ಕೊಳ್ಳಿ.

*ಹೆಸರಿಲ್ಲದ ಪೂರ್ಣ ರೋಟರಿಗಳು.* ಆನ್‌ಲೈನಿನಲ್ಲಿ ಹತ್ತಾರು ಹೆಸರಿನಲ್ಲಿ ಕಾಣುವುದು ಹೆಚ್ಚಾಗಿ ಇವೇ. ನೋಡಲು ದುಬಾರಿ ವೈಸಿನ ಅವಳಿಯಂತಿರುತ್ತವೆ. ತಲೆಯೇನೋ ತಿರುಗುತ್ತದೆ, ತೊಂದರೆ ಇರುವುದು ಸಣ್ಣ ಭಾಗಗಳಲ್ಲಿ. ಬಿಗಿ ಹೊಂದಿಸುವ ಸ್ಕ್ರೂವಿನ ತುದಿಗೆ ನೈಲಾನ್ ಇಲ್ಲದಿದ್ದರೆ ಅದು ಒಳಗಿನ ಸರಳನ್ನು ಗೀರುತ್ತದೆ, ಆಮೇಲೆ ತಿರುಗಿಸುವಾಗ ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಹಿತ್ತಾಳೆಯ ಬುಷ್ (ಸರಳು ಕೂರುವ ಒಳಬಳೆ) ಇಲ್ಲದೆ ಅಲ್ಯೂಮಿನಿಯಮ್ಮಿನೊಳಗೇ ಉಕ್ಕು ಸುತ್ತುತ್ತಿದ್ದರೆ ಬೇಗ ತೂತು ಸವೆದು ತಲೆ ಆಡತೊಡಗುತ್ತದೆ. ಸಣ್ಣ ಸ್ಕ್ರೂಗಳ ಮರೆ (ತಿರುಪಿನ ಗೆರೆ) ಹರಿದುಹೋಗುವುದು ಮಾಮೂಲು, ಬಿಡಿಭಾಗ ಸಿಗುವುದಿಲ್ಲ. ಆದರೂ ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ದವಡೆ ಗಡಸಾಗಿದ್ದು, ವಾಪಸ್ ಕೊಡುವ ಅವಕಾಶ ಇದ್ದರೆ ತೆಗೆದುಕೊಳ್ಳಬಹುದು. ಬುಷ್ ಮತ್ತು ಸ್ಕ್ರೂಗಳನ್ನು ಶಿವಮೊಗ್ಗದಲ್ಲಿ ಯಾವ ಲೇತ್ ಕೆಲಸದವರೂ ಮಾಡಿಕೊಡುತ್ತಾರೆ. ದವಡೆ ಕೆಟ್ಟದ್ದಾದರೆ ಆಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ.

*ಡ್ಯಾನ್‌ವೈಸ್.* ಡೆನ್ಮಾರ್ಕಿನದು, ಪೂರ್ಣ ರೋಟರಿ. ಮೈಯ ಹೆಚ್ಚಿನ ಭಾಗ ಗಟ್ಟಿ ಪ್ಲಾಸ್ಟಿಕ್, ದವಡೆ ಹದಮಾಡಿದ ಉಕ್ಕು. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರಿದ್ದಾರೆ. ಆಗುಂಬೆಯಂಥ, ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ತುಕ್ಕು ಹಿಡಿಯದ ಮೈ ದೊಡ್ಡ ಅನುಕೂಲ. ತುಕ್ಕಿಗೆ ಹೆದರಬೇಕಾದ ಭಾಗ ಚಿಕ್ಕದು, ಒರೆಸುವುದು ಸುಲಭ. ಕೊರತೆ ಎಂದರೆ ಸ್ಕ್ರೂಗಳನ್ನು ಜೋರಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ಮರೆ ಸವೆಯುತ್ತದೆ. ಬೆರಳ ಬಲ ಸಾಕು, ಇಕ್ಕಳ ಹಾಕಬಾರದು. ಕಡಿಮೆ ಬೆಲೆಯಲ್ಲಿ ಪೂರ್ಣ ರೋಟರಿ ಬೇಕೇ ಬೇಕು ಎನ್ನುವ ಮಲೆನಾಡಿನವರಿಗೆ ನಮ್ಮ ಮೊದಲ ಸಲಹೆ ಇದೇ.

*ಪೀಕ್, ಗ್ರಿಫಿನ್ ಮಂಗೂಸ್, ರೆಂಜೆಟ್ಟಿ ಟ್ರಾವೆಲರ್.* ಮೂರೂ ಅಮೆರಿಕದವು, ಮೂರೂ ಪೂರ್ಣ ರೋಟರಿ, ಮೂರೂ ಹತ್ತಾರು ವರ್ಷ ಬಾಳುವಂಥವು. "ಕಡಿಮೆ ಬೆಲೆ" ಎಂಬ ಮಾತಿಗೆ ಅಲ್ಲಿ ಹೊಂದುತ್ತವೆ, ಸಾಗಣೆ ಮತ್ತು ಸುಂಕ ಸೇರಿ ಇಲ್ಲಿಗೆ ಬರುವಾಗ ಹೊಂದುವುದಿಲ್ಲ. ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ತರಿಸುವುದಾದರೆ ಭಾರದ ತಳತಟ್ಟೆ ಬಿಟ್ಟು ವೈಸ್ ಮಾತ್ರ ಹೇಳಿ. ತಟ್ಟೆ ಇಲ್ಲೇ ಆಗುತ್ತದೆ. ಎಡಗೈಯಲ್ಲಿ ಕಟ್ಟುವವರು ಯಾವ ವೈಸ್ ಆದರೂ ಎಡಗೈಗೆ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು.

ಮೇಜಿನಂಚೋ, ಜಗಲಿಯೋ

ಮೇಜಿಗೆ ಕಚ್ಚಿಸುವ ಕ್ಲ್ಯಾಂಪು ಅಗ್ಗ, ಹಗುರ, ಅಲ್ಲಾಡುವುದಿಲ್ಲ. ಆದರೆ ಹಳೆಯ ಮನೆಗಳ ಹಲಸಿನ ಹಲಗೆಯ ಮೇಜಿಗೆ ಅದರ ಬಾಯಿ ಸಾಲದೆ ಹೋಗಬಹುದು. ಮೊದಲು ಹಲಗೆಯ ದಪ್ಪ ಅಳೆದು, ಕ್ಲ್ಯಾಂಪಿನ ಬಾಯಿ ಅದಕ್ಕಿಂತ ಒಂದು ಸೆಂಟಿಮೀಟರಾದರೂ ಹೆಚ್ಚಿದೆಯೇ ನೋಡಿ.

ಜಗಲಿಯಲ್ಲಿ ಬೆಳಕಿಗೆ ಕೂತು ಕಟ್ಟುವವರಿಗೆ ತಳತಟ್ಟೆ ಬೇಕು. ಕಿಟ್ಟಿನ ಜೊತೆ ಬರುವ ತಟ್ಟೆಗಳು ಹಗುರವಾಗಿದ್ದು, ದಾರ ಎಳೆದಾಗ ವೈಸೇ ಮುಗ್ಗರಿಸುತ್ತದೆ. ಗುಜರಿಯಲ್ಲಿ ಸಿಗುವ ಉಕ್ಕಿನ ತುಂಡು ಸಾಕು. 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 12 ಮಿ.ಮೀ. ದಪ್ಪ ಇದ್ದರೆ ಸುಮಾರು 1.4 ಕಿಲೋ ತೂಗುತ್ತದೆ, 20 ಮಿ.ಮೀ. ದಪ್ಪದ್ದು 2.3 ಕಿಲೋ ದಾಟುತ್ತದೆ. ದೊಡ್ಡ ಗಾಳಕ್ಕೆ ಎರಡನೆಯದೇ ಲೇಸು. ವೈಸಿನ ಕಂಬ ನಿಲ್ಲಿಸುವ ರಂಧ್ರವನ್ನು ನಟ್ಟನಡುವೆ ಕೊರೆಸಬೇಡಿ. ಬಲಗೈಯವರಾದರೆ ಎಡ ಅಂಚಿನಿಂದ 3 ಸೆಂ.ಮೀ. ಒಳಗೆ ಇರಲಿ, ಆಗ ದವಡೆ ತಟ್ಟೆಯ ಮೇಲೇ ಬರುತ್ತದೆ, ಹೊರಗೆ ಚಾಚುವುದಿಲ್ಲ. ಅಮೆರಿಕದ ವೈಸುಗಳ ಕಂಬ ಸಾಮಾನ್ಯವಾಗಿ 3/8 ಇಂಚು, ಅಂದರೆ 9.5 ಮಿ.ಮೀ. ಅಳತೆ ಬಾಯಲ್ಲಿ ಹೇಳಿದರೆ 10ರ ಡ್ರಿಲ್ ಹಾಕಿಬಿಡುತ್ತಾರೆ, ಕಂಬ ವಾಲುತ್ತದೆ. ಕಂಬವನ್ನೇ ತೆಗೆದುಕೊಂಡು ಹೋಗಿ ಕೊಡಿ. ಕಂಬ ಬಿಗಿಯಲು ಪಕ್ಕದಿಂದ ಒಂದು ಎಂ6 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ). 12 ಮಿ.ಮೀ. ತಟ್ಟೆಯಾದರೆ ಮೇಲೆ 25 ಮಿ.ಮೀ. ಎತ್ತರದ ಬುಷ್ ಬೆಸುಗೆ ಹಾಕಿಸಿ ಸ್ಕ್ರೂವನ್ನು ಅದಕ್ಕೇ ಕೊಡಿಸಿ, ಇಲ್ಲದಿದ್ದರೆ ಕಂಬಕ್ಕೆ ಹಿಡಿತ ಸಾಲದು. ರೆಡ್ ಆಕ್ಸೈಡ್ ಬಳಿದು, ತಳಕ್ಕೆ ಹಳೆಯ ಟ್ಯೂಬಿನ ರಬ್ಬರ್ ಅಂಟಿಸಿ.

ನೆಲದ ಮೇಲೆ ಕೂರುವವರಿಗೆ ಇನ್ನೂ ಸುಲಭದ ದಾರಿ ಮನೆಯಲ್ಲೇ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹಾಗೆ ಒಂದು ಉದ್ದ ಮಣೆಯ ತುದಿಗೆ ಕಂಬ ನಿಲ್ಲಿಸಿ, ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಕೂತರೆ ಯಾವ ಉಕ್ಕಿನ ತಟ್ಟೆಯೂ ಅಷ್ಟು ಗಟ್ಟಿಯಾಗಿ ನಿಲ್ಲದು.

ಪಾರ್ಸೆಲ್ ಬಂದ ದಿನವೇ

ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು ಅರ್ಧ ಗಂಟೆ ಕೊಟ್ಟು ಪರೀಕ್ಷಿಸಿ. ಗಾಳ ಹಾಕದೆ ದವಡೆ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಂದು ಕಾಣಬಾರದು. 2/0 ಗಾಳ ಹಾಕಿ ಕಣ್ಣಿನ ಹತ್ತಿರ ಬೆರಳಿನಿಂದ ಕೆಳಕ್ಕೆ ಒತ್ತಿ: ಗಾಳ ಬಾಗಿ ಮತ್ತೆ ಮೇಲೇಳಬೇಕು, ದವಡೆಯಲ್ಲಿ ಜಾರಿ ಕೆಳಗಿಳಿದರೆ ಹಿಡಿತವಿಲ್ಲ. 14ರ ಗಾಳಕ್ಕೂ ಇದೇ ಪರೀಕ್ಷೆ ಮೆಲ್ಲಗೆ ಮಾಡಿ. ಪೂರ್ಣ ರೋಟರಿಯಾದರೆ ಒಂದು ಸೂಜಿಯನ್ನು ಅಲುಗದಂತೆ ನಿಲ್ಲಿಸಿ, ತುದಿ ಗಾಳದ ಕಣ್ಣಿಗೆ ತಾಗಿಯೂ ತಾಗದಂತೆ ಇರಲಿ. ತಲೆಯನ್ನು ಒಂದು ಸುತ್ತು ತಿರುಗಿಸಿದಾಗ ಕಣ್ಣು ಸೂಜಿಯಿಂದ ದೂರ ಸರಿದರೆ ಮೊದಲು ಗಾಳವನ್ನು ಮೇಲೆ ಕೆಳಗೆ ಸರಿಸಿ ಹೊಂದಿಸಿ ನೋಡಿ. ಏನು ಮಾಡಿದರೂ ಸರಿಯಾಗದಿದ್ದರೆ ತೋಳೇ ಸೊಟ್ಟ. ದವಡೆಯ ಕೆಳಮೈಗೆ ಚಿಕ್ಕ ಅರವನ್ನು ಒಮ್ಮೆ ಮುಟ್ಟಿಸಿ: ಜಾರಿದರೆ ಹದದ ಉಕ್ಕು, ಕಚ್ಚಿದರೆ ಮೆದು. ಕಚ್ಚುವ ಮೈಗೆ ಅರ ತಾಗಿಸಬಾರದು. ಗೀರು ಬಿದ್ದರೆ ವಾಪಸ್ ತೆಗೆದುಕೊಳ್ಳಲು ತಕರಾರು ಮಾಡಬಹುದು, ಆದ್ದರಿಂದ ಇದನ್ನು ಎಲ್ಲಕ್ಕಿಂತ ಕೊನೆಗೆ, ಇಟ್ಟುಕೊಳ್ಳುವ ಮನಸ್ಸು ಬಹುಮಟ್ಟಿಗೆ ಆದ ಮೇಲೆ ಮಾಡಿ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೈಸನ್ನು ಮೇಜಿನ ಮೇಲೇ ಬಿಟ್ಟರೆ ದವಡೆಯ ಒಳಮೈಗೆ ಮೊದಲು ಕಂದು ಚುಕ್ಕಿ, ಆಮೇಲೆ ಗುಳಿ ಬೀಳುತ್ತದೆ. ಗುಳಿ ಬಿದ್ದ ದವಡೆ ಸಣ್ಣ ಗಾಳ ಹಿಡಿಯುವುದಿಲ್ಲ. ಕಟ್ಟಿ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಒಂದು ಹನಿ ಹಾಕಿ ದವಡೆ, ಕ್ಯಾಮ್, ಸ್ಕ್ರೂಗಳನ್ನು ಒರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗಾಳಗಳೂ ಅದೇ ಡಬ್ಬಿಯಲ್ಲಿರಲಿ. ದವಡೆಯನ್ನು ಬಿಗಿಯಾಗಿ ಮುಚ್ಚಿ ಇಡಬಾರದು, ಸಂದಿನಲ್ಲಿ ತೇವ ಕೂರುತ್ತದೆ. ಮತ್ತೆ ಕಟ್ಟುವ ಮೊದಲು ಸ್ಪಿರಿಟ್ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಎಣ್ಣೆ ಉಳಿದರೆ ಗಾಳ ಜಾರುತ್ತದೆ, ದಾರಕ್ಕೆ ತಾಗಿದರೆ ಕೊನೆಯಲ್ಲಿ ಹಾಕುವ ಅಂಟು ಹಿಡಿಯುವುದಿಲ್ಲ. ಸಿಲಿಕಾ ಜೆಲ್ ತೇವ ಕುಡಿದು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ, ಮೊದಲಿನ ಬಣ್ಣ ಬಂದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.